ಡೋಣಿಯ ಎರಡು ಕಾಗುಣಿತ: ಸಿಪಿಐಓ ಆರ್ಕೈವ್‌ಗಳಲ್ಲಿ ಕನ್ನಡದ ಫೈಲ್ ಹೆಸರುಗಳು

ಮುಂಡರಗಿ ತಾಲೂಕಿನ ಊರುಗಳ ಶಾಸನ, ಗುಡಿ, ವೀರಗಲ್ಲುಗಳ ಛಾಯಾಚಿತ್ರಗಳಿದ್ದ ಒಂದು ಡಿಸ್ಕ್ ನನ್ನ ಕೈಗೆ ಬಂದಿತ್ತು. ಯಾರಿಂದ ಬಂತು ಎಂಬುದು ಈ ಟಿಪ್ಪಣಿಗೆ ಬೇಕಿಲ್ಲ. ಅದರಲ್ಲಿದ್ದದ್ದು ಒಂದೇ ಫೈಲ್, ಒಂದು ಸಿಪಿಐಓ ಆರ್ಕೈವ್. ಅದರೊಳಗೆ ಪ್ರತಿ ಊರಿಗೂ ಕನ್ನಡದಲ್ಲೇ ಹೆಸರಿಟ್ಟ ಒಂದೊಂದು ಫೋಲ್ಡರ್. ಡಂಬಳ ಎಂದು ಟೈಪ್ ಮಾಡಿ ಕೇಳಿದೆ, ಡಂಬಳದ ಚಿತ್ರಗಳು ಹೊರಬಂದವು. ಹಮ್ಮಿಗಿ ಬಂತು, ಸಿಂಗಟಾಲೂರು ಬಂತು. ಡೋಣಿ ಎಂದು ಕೇಳಿದೆ. ಇಷ್ಟು ಬ್ಲಾಕ್ ಓದಿ ಆಯಿತು ಎಂಬ ಒಂದು ಸಾಲು ಮೂಡಿತು, ಕಮಾಂಡ್ ಮುಗಿಯಿತು. ತಪ್ಪಾಗಿದೆ ಎಂಬ ಸಂದೇಶ ಇಲ್ಲ, ಫೋಲ್ಡರೂ ಇಲ್ಲ. ಮೇವುಂಡಿ ಬರಲಿಲ್ಲ, ಕೊರ್ಲಹಳ್ಳಿಯೂ ಬರಲಿಲ್ಲ. ಆರ್ಕೈವ್‌ನ ಪಟ್ಟಿ ತೆಗೆದು ನೋಡಿದರೆ ಮೂರೂ ಹೆಸರು ಕಣ್ಣೆದುರಿಗೇ ಇದ್ದವು.

ಬಂದ ಹೆಸರುಗಳನ್ನೂ ಬಾರದ ಹೆಸರುಗಳನ್ನೂ ಅಕ್ಕಪಕ್ಕ ಬರೆದುಕೊಂಡಾಗ ಕಾರಣದ ಸುಳಿವು ಸಿಕ್ಕಿತು. ಬಾರದ ಮೂರರಲ್ಲೂ ಏತ್ವದ ಅಥವಾ ಓತ್ವದ ಕಾಗುಣಿತವಿದೆ: ಡೋ, ಮೇ, ಕೊ. ಬಂದವುಗಳಲ್ಲಿ ಅಂಥ ಒಂದು ಅಕ್ಷರವೂ ಇಲ್ಲ. ಈ ಟಿಪ್ಪಣಿ ಹುಟ್ಟಿದ್ದು ಅಲ್ಲಿಂದ. ಆರ್ಕೈವ್ ಕಾಪಾಡುವುದು ಹೆಸರಿನ ಬೈಟುಗಳನ್ನು, ಹೆಸರಿನ ಅಕ್ಷರಗಳನ್ನಲ್ಲ. ಕನ್ನಡದಲ್ಲಿ ಒಂದೇ ಅಕ್ಷರಕ್ಕೆ ಎರಡು ಬಗೆಯ ಬೈಟುಸಾಲು ಇರುವುದರಿಂದ, ಹೆಸರನ್ನು ಸರಿಪಡಿಸದೆ ಕಟ್ಟಿಟ್ಟ ಆರ್ಕೈವ್‌ನಲ್ಲಿ ಊರು ಇದ್ದೂ ಸಿಗದೆ ಹೋಗಬಹುದು.

ಮೊದಲು ಸಲಕರಣೆಯ ಪರಿಚಯ. ಸಿಪಿಐಓ ಎಂಬುದು 'ಕಾಪಿ ಇನ್ ಆ್ಯಂಡ್ ಔಟ್' ಎಂಬುದರ ಹ್ರಸ್ವ. ಇದನ್ನು ಬರೆದವರು ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿಯ ಯೂನಿಕ್ಸ್ ವಿಭಾಗದಲ್ಲಿದ್ದ ಡಿಕ್ ಹೈಟ್. ಫೈಲ್ ಹುಡುಕುವ ಫೈಂಡ್ ಕಮಾಂಡ್ ಕೂಡ ಅವರದೇ. ಇವೆರಡೂ ಆ ಕಂಪನಿಯೊಳಗಿನ 'ಪ್ರೋಗ್ರಾಮರ್ಸ್ ವರ್ಕ್‌ಬೆಂಚ್' ಯೂನಿಕ್ಸ್‌ನಲ್ಲಿ 1977ರ ಸುಮಾರಿಗೆ ಒಟ್ಟಿಗೆ ಬಂದವು, 1981ರಲ್ಲಿ ಸಿಸ್ಟಮ್ 3 ಯೂನಿಕ್ಸ್‌ನ ಜತೆ ಸಿಪಿಐಓ ಹೊರಜಗತ್ತಿಗೆ ಸಿಕ್ಕಿತು. ಅವಳಿಗಳಂತೆ ಹುಟ್ಟಿದ್ದರಿಂದಲೇ ಇವುಗಳ ಕೆಲಸವೂ ಜೋಡಿಯಾಗಿದೆ. ಫೈಂಡ್ ಹೆಸರುಗಳ ಪಟ್ಟಿ ಹೇಳುತ್ತದೆ, ಸಿಪಿಐಓ ಆ ಪಟ್ಟಿಯನ್ನು ಓದಿಕೊಂಡು ಫೈಲುಗಳನ್ನು ಒಂದೊಂದಾಗಿ ಆರ್ಕೈವ್‌ಗೆ ಸುರಿಯುತ್ತದೆ. ನಮಗೆಲ್ಲ ಹೆಚ್ಚು ಪರಿಚಿತವಾದ ಟಾರ್ ತಾನೇ ಫೋಲ್ಡರಿನೊಳಗೆ ಇಳಿದು ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಸಿಪಿಐಓ ಹಾಗೆ ಮಾಡುವುದಿಲ್ಲ. ಏನು ಕೊಡುತ್ತೇವೋ ಅಷ್ಟನ್ನೇ, ಕೊಟ್ಟ ಕ್ರಮದಲ್ಲೇ ತೆಗೆದುಕೊಳ್ಳುತ್ತದೆ. ಆಯ್ದ ಫೈಲುಗಳನ್ನಷ್ಟೇ ಕಟ್ಟಿಡಬೇಕಾದ ಸಂಶೋಧಕನಿಗೆ ಇದು ದೊಡ್ಡ ಅನುಕೂಲ.

ಇದಕ್ಕೆ ಮೂರು ನಡೆಗಳಿವೆ. -ಓ ಎಂದರೆ ಹೊರನಕಲು, -ಐ ಎಂದರೆ ಒಳನಕಲು, -ಪಿ ಎಂದರೆ ಆರ್ಕೈವ್ ಕಟ್ಟದೆ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ನೇರ ಸಾಗಣೆ. (ಇಲ್ಲಿ ಕನ್ನಡದಲ್ಲಿ ಬರೆದ ಈ ಅಕ್ಷರಗಳನ್ನು ಟರ್ಮಿನಲ್‌ನಲ್ಲಿ ರೋಮನ್ ಸಣ್ಣಕ್ಷರಗಳಲ್ಲಿ ಒತ್ತಬೇಕು. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇನೆ.) ಹೊಸಬರು ಎಡವುವುದು ಮೊದಲೆರಡರ ದಿಕ್ಕಿನಲ್ಲಿ. ಆರ್ಕೈವ್ 'ಒಳಗೆ' ಹಾಕುವುದಕ್ಕೆ 'ಹೊರ' ಎಂಬ ಹೆಸರು ಯಾಕೆ? ನಮ್ಮ ಕಡೆಯ ಹಗೇವನ್ನು ನೆನೆದರೆ ಗೊಂದಲ ತಾನೇ ಬಿಡುತ್ತದೆ. ಜೋಳವನ್ನು ಮನೆಯಿಂದ ಹೊರಗೆ ಒಯ್ದು ಹಗೇವಿಗೆ ಇಳಿಸುತ್ತೇವೆ, ಬೇಕಾದಾಗ ಹಗೇವು ತೆಗೆದು ಮನೆಯೊಳಗೆ ತರುತ್ತೇವೆ. ಸಿಪಿಐಓ ಮಾತಾಡುವುದು ಮನೆಯಲ್ಲಿ ನಿಂತು. ಮನೆ ಎಂದರೆ ಡಿಸ್ಕಿನ ಮೇಲಿನ ಫೋಲ್ಡರ್.

ಹಳೆಯ ಸಲಕರಣೆ, ಇನ್ನೇಕೆ ಎನ್ನುವಂತಿಲ್ಲ. ಲಿನಕ್ಸ್ ಶುರುವಾಗುವಾಗ ಕರ್ನೆಲ್ ಮೊಟ್ಟಮೊದಲು ಬಿಚ್ಚಿಕೊಳ್ಳುವ ಇನಿಟ್ರಾಮ್‌ಎಫ್‌ಎಸ್ ಎಂಬ ಗಂಟು ಸಿಪಿಐಓ ಆರ್ಕೈವ್. ಟಾರ್ ಬಿಟ್ಟು ಇದನ್ನೇ ಆರಿಸಿಕೊಳ್ಳುವ ತೀರ್ಮಾನ ಆದದ್ದು 2001ರ ಡಿಸೆಂಬರ್‌ನಲ್ಲಿ, ರಚನೆ ಸರಳವಾಗಿದೆ ಎಂಬ ಕಾರಣಕ್ಕೆ. ರೆಡ್ ಹ್ಯಾಟ್, ಫೆಡೋರಾಗಳ ಆರ್‌ಪಿಎಂ ಪ್ಯಾಕೇಜಿನೊಳಗೂ ಇದೇ ಇದೆ. ಆಂಡ್ರಾಯ್ಡ್ ಫೋನುಗಳ ರಾಮ್‌ಡಿಸ್ಕ್ ಕೂಡ ಇದೇ ರೂಪದ್ದು.

ಈಗ ಒಂದು ಹೆಸರನ್ನು ಹತ್ತಿರದಿಂದ ನೋಡೋಣ. ಲಿನಕ್ಸ್‌ನಲ್ಲಿ ಡೋಣಿ ಎಂಬ ಹೆಸರಿನ ಖಾಲಿ ಫೈಲ್ ಮಾಡಿ, ಆ ಒಂದೇ ಹೆಸರನ್ನು ಸಿಪಿಐಓಗೆ ಕೊಟ್ಟು 'ನ್ಯೂಸಿ' ರೂಪದಲ್ಲಿ ಆರ್ಕೈವ್ ಮಾಡಿದೆ. ಅದಕ್ಕೆ -ಓ ಜತೆ ದೊಡ್ಡ ಎಚ್ ಆಯ್ಕೆ ಕೊಟ್ಟು ನ್ಯೂಸಿ ಎಂದು ಹೇಳಬೇಕು. ಸಿಕ್ಕ ಆರ್ಕೈವ್‌ನ ಗಾತ್ರ 512 ಬೈಟ್, ಅಂದರೆ ಒಂದು ಬ್ಲಾಕ್. ಅದನ್ನು ಸಾಮಾನ್ಯ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರೂ ಮೊದಲ ಆರು ಅಂಕಿಗಳು ಓದಲು ಬರುತ್ತವೆ: 070701. ಇದು ನ್ಯೂಸಿ ರೂಪದ ಗುರುತು. ಅದರ ಹಿಂದೆ 13 ಕೋಶಗಳು, ಪ್ರತಿಯೊಂದಕ್ಕೂ 8 ಅಂಕಿ, ಎಲ್ಲ ಹದಿನಾರರ ಎಣಿಕೆಯಲ್ಲಿ. ಇನೋಡ್ ಸಂಖ್ಯೆ, ಅನುಮತಿ, ಒಡೆಯ, ಗುಂಪು, ಕೊಂಡಿಗಳ ಸಂಖ್ಯೆ, ಬದಲಾದ ಸಮಯ, ಗಾತ್ರ ಎಂದು ಸಾಗಿ ಹನ್ನೆರಡನೆಯ ಕೋಶಕ್ಕೆ ಬಂದರೆ ಅಲ್ಲಿ ಹೆಸರಿನ ಉದ್ದ ಇದೆ. ಹೀಗೆ ತಲೆಬರಹ ಒಟ್ಟು 110 ಬೈಟ್. ಅದು ಮುಗಿದ ತಕ್ಷಣ ಹೆಸರು ಶುರುವಾಗುತ್ತದೆ, ಕೊನೆಗೊಂದು ಸೊನ್ನೆ ಬೈಟ್. ಇಡೀ ಆರ್ಕೈವ್‌ನ ಕೊನೆಯಲ್ಲಿ 'ಟ್ರೇಲರ್' ಎಂಬ ಇಂಗ್ಲಿಷ್ ಪದವೂ ಮೂರು ಆಶ್ಚರ್ಯಸೂಚಕ ಚಿಹ್ನೆಗಳೂ ಇರುವ ಒಂದು ಹುಸಿ ಫೈಲ್. ಅದು ಕಂಡರೆ ಇಲ್ಲಿಗೆ ಮುಗಿಯಿತು ಎಂದರ್ಥ.

ನನ್ನ ಫೈಲಿನ ಹೆಸರಿನ ಉದ್ದದ ಕೋಶದಲ್ಲಿ ಹದಿನಾರರ ಎಣಿಕೆಯ ಡಿ ಇತ್ತು, ಅಂದರೆ ನಮ್ಮ 13. ಕಣ್ಣಿಗೆ ಎರಡೇ ಅಕ್ಷರವಾದ ಡೋಣಿಗೆ 12 ಬೈಟ್, ಜತೆಗೆ ಕೊನೆಯ ಸೊನ್ನೆ. ಓಡಿ ಎಂಬ ಕಮಾಂಡಿನಿಂದ ಆ 12 ಬೈಟುಗಳನ್ನು ದಶಮಾನದಲ್ಲಿ ಬಿಡಿಸಿದರೆ ಹೀಗೆ ಕಾಣುತ್ತವೆ: 224 178 161, 224 179 139, 224 178 163, 224 178 191. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್. ಮೊದಲ ಮೂರು ಡ, ಮುಂದಿನ ಮೂರು ಓತ್ವದ ದೀರ್ಘ, ಆಮೇಲೆ ಣ, ಕೊನೆಗೆ ಗುಡಿಸು. ಒಟ್ಟು 4 ಸಂಕೇತ.

ಡಿಸ್ಕಿನಲ್ಲಿ ಬಂದ ಆರ್ಕೈವ್‌ನ ಹೆಸರನ್ನೂ ಹಾಗೆಯೇ ಬಿಡಿಸಿದೆ. ಅಲ್ಲಿ ಡೋಣಿಗೆ ಇದ್ದದ್ದು 18 ಬೈಟ್: 224 178 161, 224 179 134, 224 179 130, 224 179 149, 224 178 163, 224 178 191. ಡ, ಣ, ಗುಡಿಸು ಅವೇ. ನಡುವಿನ ಓತ್ವದ ದೀರ್ಘ ಮಾತ್ರ ಮೂರು ತುಂಡಾಗಿದೆ. ತಲೆಬರಹದ ಉದ್ದದ ಕೋಶದಲ್ಲಿ ಹದಿನಾರರ ಎಣಿಕೆಯ 13 ಇತ್ತು, ಅಂದರೆ ನಮ್ಮ 19. ಪರದೆಯ ಮೇಲೆ ಎರಡೂ ಡೋಣಿಗಳಿಗೆ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ನಾನು ಕೀಲಿಮಣೆಯಿಂದ ಕೇಳಿದ್ದು 12 ಬೈಟಿನ ಡೋಣಿ, ಒಳಗೆ ಇದ್ದದ್ದು 18 ಬೈಟಿನ ಡೋಣಿ. ಸಿಪಿಐಓ ಬೈಟುಗಳನ್ನು ಹೋಲಿಸಿ ನೋಡಿತು, ಹೊಂದಲಿಲ್ಲ, ಮುಂದೆ ಹೋಯಿತು. ಅದು ತಪ್ಪು ಮಾಡಲಿಲ್ಲ.

ಈ ಮೂರು ತುಂಡುಗಳು ಎಲ್ಲಿಂದ ಬಂದವು? ಕಾಗುಣಿತ ಕಲಿಸಿದ ಗುರುಗಳ ದನಿಯನ್ನು ನೆನಪಿಸಿಕೊಂಡರೆ ಸಾಕು. 'ಕ ಏತ್ವ ಕೆ, ಕ ಕೊಂಬಿನ ಇಳಿ ಕೂ, ಕ ಓತ್ವದ ದೀರ್ಘ ಕೋ.' ಆದರೆ ಪಾಟಿಯ ಮೇಲೆ ಡೋ ಬರೆಯುವ ಮಗು ಓತ್ವದ ದೀರ್ಘ ಎಂಬ ಒಂದೇ ಗೆರೆಯನ್ನು ಎಳೆಯುವುದಿಲ್ಲ. ಮೊದಲು ತಲೆಯ ಮೇಲೆ ಏತ್ವ, ಆಮೇಲೆ ಬಲಕ್ಕೆ ಕೊಂಬಿನ ಇಳಿ, ಕೊನೆಗೆ ದೀರ್ಘದ ಗುರುತು. ಯೂನಿಕೋಡ್ ಈ ಎರಡೂ ಬಗೆಯನ್ನು ಒಪ್ಪಿಕೊಂಡಿದೆ. ಬಾಯಿ ಉಚ್ಚರಿಸುವಂತೆ ಒಂದೇ ಸಂಕೇತ, ಇದು ಕೂಡಿದ ರೂಪ, ಎನ್‌ಎಫ್‌ಸಿ. ಕೈ ಬರೆಯುವಂತೆ ಮೂರು ಸಂಕೇತ, ಇದು ಬಿಡಿಸಿದ ರೂಪ, ಎನ್‌ಎಫ್‌ಡಿ. ಎರಡೂ ಸಮಾನ ಎಂದು ಯೂನಿಕೋಡ್ ಹೇಳುತ್ತದೆ. ಆದರೆ ಆ ಸಮಾನತೆಯನ್ನು ನೋಡಿ ಹೊಂದಿಸಬೇಕಾದದ್ದು ಆಯಾ ಪ್ರೋಗ್ರಾಮಿನ ಕೆಲಸ, ಸಿಪಿಐಓ ಆ ಕೆಲಸವನ್ನು ಎಂದೂ ಹೊತ್ತುಕೊಂಡಿಲ್ಲ.

ಕನ್ನಡದಲ್ಲಿ ಹೀಗೆ ಬಿಡಿಯಾಗುವ ಸ್ವರಚಿಹ್ನೆಗಳು ಐದು: ಗುಡಿಸಿನ ದೀರ್ಘ, ಏತ್ವದ ದೀರ್ಘ, ಐತ್ವ, ಓತ್ವ, ಓತ್ವದ ದೀರ್ಘ. ಕೀ, ಕೇ, ಕೈ, ಕೊ, ಕೋ ಎಂದು ನೆನಪಿಟ್ಟುಕೊಂಡರೆ ಸಾಕು. ಔತ್ವ ಬಿಡಿಯಾಗುವುದಿಲ್ಲ, ಇಳಿಯೂ ಕೊಂಬೂ ಬಿಡಿಯಾಗುವುದಿಲ್ಲ. ದೇವನಾಗರಿಯ ಸ್ವರಚಿಹ್ನೆಗಳಲ್ಲಿ ಬಿಡಿಯಾಗುವಂಥದ್ದು ಒಂದೂ ಇಲ್ಲ. ತೆಲುಗಿನಲ್ಲಿ ಐತ್ವ ಒಂದೇ. ತಮಿಳಿನಲ್ಲಿ ಮೂರು, ಮಲಯಾಳದಲ್ಲಿ ಮೂರು. ದಕ್ಷಿಣದ ನಾಲ್ಕು ಲಿಪಿಗಳಲ್ಲಿ ಈ ತೊಡಕು ಹೆಚ್ಚು ಕಾಡುವುದು ಕನ್ನಡವನ್ನೇ. ಹಿಂದಿ ಹೆಸರುಗಳ ಮೇಲೆ ಪರೀಕ್ಷಿಸಿ 'ಭಾರತೀಯ ಭಾಷೆಗಳಿಗೆ ತೊಂದರೆಯಿಲ್ಲ' ಎಂದು ಬರೆಯುವ ಕೈಪಿಡಿಗಳನ್ನು ನಾವು ನಂಬುವ ಹಾಗಿಲ್ಲ.

ಗದಗ ಜಿಲ್ಲೆಯ ಹೆಸರುಗಳನ್ನೇ ಎಣಿಸಿ ನೋಡಿದೆ. ಗದಗ 9 ಬೈಟ್, ಎರಡೂ ರೂಪದಲ್ಲಿ ಒಂದೇ. ಮುಂಡರಗಿ 21, ಶಿರಹಟ್ಟಿ 24, ಕಪ್ಪತಗುಡ್ಡ 30, ಇವೂ ಬದಲಾಗುವುದಿಲ್ಲ. ಬೆಟಗೇರಿ ಕೂಡಿದ ರೂಪದಲ್ಲಿ 21, ಬಿಡಿಸಿದರೆ 24. ಲಕ್ಷ್ಮೇಶ್ವರ 33, ಬಿಡಿಸಿದರೆ 36. ಗದಗ-ಬೆಟಗೇರಿ ಒಂದೇ ನಗರಸಭೆಯ ಅವಳಿ ಊರುಗಳು. ಅವುಗಳಲ್ಲಿ ಗದಗ ಸಿಗುತ್ತದೆ, ಬೆಟಗೇರಿ ಸಿಗದೆ ಹೋಗಬಹುದು. ಡೋಣಿಯಷ್ಟು ಪುಟ್ಟ ಹೆಸರಿನಲ್ಲಿ ಉದ್ದ ಒಂದೂವರೆ ಪಟ್ಟು ಆಗಿಬಿಡುವುದು ನನ್ನ ಪಟ್ಟಿಯಲ್ಲಿ ಬೇರೆ ಯಾವ ಊರಿಗೂ ಇಲ್ಲ.

ಬಿಡಿಸಿದ ರೂಪ ಆರ್ಕೈವ್ ಒಳಗೆ ಹೇಗೆ ಸೇರಿತು ಎಂಬುದಕ್ಕೆ ಬಹುಮಟ್ಟಿಗೆ ಒಂದೇ ದಾರಿ. ಆಪಲ್ ಕಂಪನಿ ತನ್ನ ಮ್ಯಾಕ್ ಕಂಪ್ಯೂಟರುಗಳಿಗೆ 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ, ನಾವು ಹೇಗೇ ಟೈಪ್ ಮಾಡಲಿ, ಹೆಸರನ್ನು ಬಿಡಿಸಿಯೇ ಬರೆದಿಡುತ್ತಿತ್ತು. ಆ ಮ್ಯಾಕ್‌ನಲ್ಲಿ ಫೈಂಡ್ ಓಡಿಸಿ ಸಿಪಿಐಓಗೆ ಕೊಟ್ಟರೆ ಆರ್ಕೈವ್‌ಗೆ ಹೋಗುವುದು ಬಿಡಿಸಿದ ಬೈಟುಗಳು. 2017ರಿಂದ ಮ್ಯಾಕ್‌ಗಳಲ್ಲಿ ಬಂದ ಎಪಿಎಫ್‌ಎಸ್ ಕೊಟ್ಟ ರೂಪವನ್ನೇ ಉಳಿಸಿಕೊಳ್ಳುತ್ತದೆ, ಹುಡುಕುವಾಗ ಮಾತ್ರ ಎರಡನ್ನೂ ಒಂದೆಂದು ಎಣಿಸುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ4ಗೆ ಹೆಸರು ಎಂದರೆ ಬರಿಯ ಬೈಟುಸಾಲು. ಅಲ್ಲಿ ಒಂದೇ ಫೋಲ್ಡರಿನಲ್ಲಿ ಎರಡು ಡೋಣಿಗಳು ಅಕ್ಕಪಕ್ಕ ಕೂರಬಹುದು. ಹಾಗೆ ಎರಡೂ ಇರುವ ಆರ್ಕೈವನ್ನು ಮ್ಯಾಕ್‌ನಲ್ಲಿ ಬಿಚ್ಚಿದಾಗ ಆಗುವುದು ನಷ್ಟ. ಅಲ್ಲಿ ಎರಡಕ್ಕೂ ಒಂದೇ ಜಾಗ. ಹಳೆಯದನ್ನು ಅಳಿಸಿ ಬರೆ ಎನ್ನುವ -ಯು ಆಯ್ಕೆ ಕೊಟ್ಟಿದ್ದರೆ ಎರಡನೆಯ ಫೈಲ್ ಮೊದಲನೆಯದನ್ನು ಅಳಿಸಿ ಕೂರುತ್ತದೆ. ಒಂದು ಗುಡಿಯ ಮುಂದಿನ ಕಲ್ಲಿನ ಚಿತ್ರ ಒಂದರಲ್ಲಿ, ಹಿಂದಿನ ಕಲ್ಲಿನದು ಇನ್ನೊಂದರಲ್ಲಿ ಇದ್ದರೆ ಒಂದು ಹೋಯಿತೆಂದೇ ಲೆಕ್ಕ.

ಎನ್‌ಎಫ್‌ಸಿ ಮಾಡಿದರೂ ಹೋಗದ ಇನ್ನೊಂದು ತೊಡಕಿದೆ. ಅರ್ಧಾಕ್ಷರದಲ್ಲಿ ಮುಗಿಯುವ ಪದಗಳ ಕೊನೆಗೆ ಕೆಲವು ಕೀಲಿಮಣೆ ತಂತ್ರಾಂಶಗಳೂ ಹಳೆಯ ಫಾಂಟುಗಳಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತವೆ. ಒತ್ತಕ್ಷರ ಆಗದಂತೆ ತಡೆಯುವ ಶೂನ್ಯ ಅಗಲದ ಚಿಹ್ನೆ ಅದು, ಅದಕ್ಕೂ 3 ಬೈಟ್. 'ಲಿಸ್ಟ್' ಎಂಬ ಫೈಲ್ ಅದರೊಡನೆಯೂ ಇರಬಹುದು, ಅದಿಲ್ಲದೆಯೂ ಇರಬಹುದು. ಪದದ ನಡುವೆ ಈ ಚಿಹ್ನೆಗೆ ನಿಜವಾದ ಕೆಲಸವಿದೆ, ಹಾಗಾಗಿ ಎಲ್ಲೆಡೆ ಕಿತ್ತುಹಾಕುವಂತಿಲ್ಲ. ಪದದ ಕೊನೆಯಲ್ಲಿ ಮಾತ್ರ ಅದು ನಿರುಪಯುಕ್ತ. ಅಲ್ಲಿ ತೆಗೆಯಬೇಕು ಎಂಬುದು ನನ್ನ ಅಭಿಪ್ರಾಯ.

ಉದ್ದದ ಮಾತಿಗೆ ಬರೋಣ. ಸಿಪಿಐಓ ಹೆಸರಿನ ಉದ್ದದ ಬಗ್ಗೆ ಉದಾರಿ. ನ್ಯೂಸಿಯಲ್ಲಿ ಅದಕ್ಕೆ 8 ಅಂಕಿಯ ಕೋಶವಿದೆ, ಪೋಸಿಕ್ಸ್ ಒಪ್ಪಿದ್ದ ಹಳೆಯ 'ಓಡಿಸಿ' ರೂಪದಲ್ಲೂ 6 ಅಷ್ಟಮಾನ ಅಂಕಿಗಳಿವೆ. ಆದರೆ ಇದೇ ಕಮಾಂಡಿನಿಂದ 'ಯುಸ್ಟಾರ್' ಎಂಬ ಟಾರ್ ರೂಪದ ಆರ್ಕೈವನ್ನೂ ಮಾಡಬಹುದು, ಎಲ್ಲೆಡೆ ತೆರೆಯುತ್ತದೆ ಎಂದು ಹಲವರು ಅದನ್ನೇ ಆರಿಸುತ್ತಾರೆ. ಅಲ್ಲಿ ಫೈಲಿನ ಹೆಸರಿಗೆ 100 ಬೈಟ್, ಅದರ ಮುಂದಿನ ಫೋಲ್ಡರ್ ದಾರಿಗೆ ಬೇರೆ 155 ಬೈಟ್. ಇಂಗ್ಲಿಷಿನಲ್ಲಿ 100 ಅಕ್ಷರ ಧಾರಾಳ. ಕನ್ನಡದಲ್ಲಿ ಅದು 33 ಸಂಕೇತಕ್ಕೆ ತೀರುತ್ತದೆ. 'ಡೋಣಿ-ಗುಡಿಯ-ಮುಂದಿನ-ಶಾಸನದ-ಛಾಯಾಚಿತ್ರ' ಎಂದು ಹೆಸರಿಟ್ಟು ಕೊನೆಗೆ ಚುಕ್ಕೆ ಜೆಪಿಜಿ ಸೇರಿಸಿ ಎಣಿಸಿದೆ. ಕನ್ನಡದ 29 ಸಂಕೇತಗಳಿಗೆ 87 ಬೈಟ್, ನಾಲ್ಕು ಅಡ್ಡಗೆರೆಗೆ 4, ಕೊನೆಯ ಭಾಗಕ್ಕೆ 4, ಒಟ್ಟು 95. ಯುಸ್ಟಾರ್‌ನಲ್ಲಿ ಹಿಡಿಯುತ್ತದೆ. ಇದೇ ಹೆಸರು ಬಿಡಿಸಿದ ರೂಪದಲ್ಲಿದ್ದರೆ ಡೋ ಒಂದರಿಂದಲೇ 6 ಬೈಟ್ ಹೆಚ್ಚಿ 101 ಆಗುತ್ತದೆ. ಒಂದು ಬೈಟ್ ಮೀರಿದ್ದಕ್ಕೆ, ಹೆಸರು ತೀರ ಉದ್ದ ಎಂದು ಹೇಳಿ ಆ ಫೈಲನ್ನೇ ಬಿಟ್ಟು ಮುಂದೆ ಹೋಗುತ್ತದೆ. ಸಾವಿರ ಫೈಲುಗಳ ಸಾಲು ಓಡುವಾಗ ಆ ಒಂದು ಸಾಲಿನ ಸಂದೇಶವನ್ನು ಯಾರು ಗಮನಿಸುತ್ತಾರೆ?

ಬಿಚ್ಚುವ ಕಡೆಯಲ್ಲೂ ಮಿತಿಯಿದೆ. ಇಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟ್, ಅಂದರೆ ಕನ್ನಡದ 85 ಸಂಕೇತ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಣಿಸುವುದು ಬೈಟುಗಳನ್ನಲ್ಲ, 16 ಬಿಟ್‌ನ ಘಟಕಗಳನ್ನು. ಕನ್ನಡದ ಒಂದು ಸಂಕೇತ ಅಲ್ಲಿ ಒಂದೇ ಘಟಕ, 255ರವರೆಗೆ ನಡೆಯುತ್ತದೆ. ಶಾಸನದ ಇಡೀ ವಿವರವನ್ನು ಹೆಸರಿನಲ್ಲೇ ತುಂಬುವ ರೂಢಿ ನಮ್ಮ ಕ್ಷೇತ್ರಕಾರ್ಯದವರಲ್ಲಿದೆ. ವಿಂಡೋಸ್‌ನಲ್ಲಿ ಹಾಗೆ ಇಟ್ಟ ನೂರು ಸಂಕೇತದ ಹೆಸರು ಲಿನಕ್ಸ್‌ಗೆ ಬಂದಾಗ ಬಿಚ್ಚಿಕೊಳ್ಳುವುದೇ ಇಲ್ಲ. ವಿವರಕ್ಕೆ ಬೇರೆ ಪಟ್ಟಿ ಇಟ್ಟು ಹೆಸರನ್ನು 30 ಸಂಕೇತದೊಳಗೆ ನಿಲ್ಲಿಸುವುದು ಒಳ್ಳೆಯದು.

ಸಿಗದ ಡೋಣಿಯನ್ನು ನಾನು ಹೊರತೆಗೆದ ದಾರಿ ಇದು. -ಐ ಮತ್ತು -ಟಿ ಸೇರಿಸಿ ಆರ್ಕೈವ್‌ನ ಹೆಸರುಗಳ ಪಟ್ಟಿಯನ್ನು ಒಂದು ಫೈಲಿಗೆ ಬರೆಸಿಕೊಂಡೆ. ಆ ಪಟ್ಟಿಯಿಂದ ಡೋಣಿಯ ಸಾಲುಗಳನ್ನು, ಕೈಯಿಂದ ಮತ್ತೆ ಟೈಪ್ ಮಾಡದೆ, ಇದ್ದ ಬೈಟುಗಳ ಸಮೇತ ಬೇರೆ ಫೈಲಿಗೆ ತೆಗೆದಿಟ್ಟೆ. ಗ್ನೂ ಸಿಪಿಐಓನಲ್ಲಿ ದೊಡ್ಡ ಇ ಎಂಬ ಆಯ್ಕೆಯಿದೆ, ಬೇಕಾದ ಹೆಸರುಗಳನ್ನು ಫೈಲಿನಿಂದ ಓದಿಕೊಳ್ಳುತ್ತದೆ. ಅದಕ್ಕೆ ಈ ಫೈಲನ್ನು ಕೊಟ್ಟೆ. -ಡಿ ಕೊಟ್ಟೆ, ಇಲ್ಲದ ಫೋಲ್ಡರುಗಳನ್ನು ಅದೇ ಮಾಡಿಕೊಳ್ಳಲೆಂದು. -ಎಂ ಕೊಟ್ಟೆ. ಈ -ಎಂ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದಿಲ್ಲದೆ ಬಿಚ್ಚಿದರೆ ಪ್ರತಿ ಫೈಲಿಗೂ ಬಿಚ್ಚಿದ ದಿನದ ತಾರೀಖು ಬೀಳುತ್ತದೆ. ಚಿತ್ರ ಯಾವಾಗಿನದು, ಟಿಪ್ಪಣಿಯನ್ನು ಕೊನೆಗೆ ತಿದ್ದಿದ್ದು ಯಾವಾಗ ಎಂಬ ಸಾಕ್ಷ್ಯ ಒಂದು ಅಕ್ಷರ ಮರೆತದ್ದಕ್ಕೆ ಅಳಿದುಹೋಗುತ್ತದೆ. ಡೋಣಿ ಬಂತು, ಮೇವುಂಡಿ ಬಂತು, ಕೊರ್ಲಹಳ್ಳಿ ಬಂತು. ಒಂದು ಚಿತ್ರವೂ ಕೆಟ್ಟಿರಲಿಲ್ಲ.

ಹೆಸರುಗಳನ್ನು ಸರಿಪಡಿಸಲು ಕನ್ವ್‌ಎಂವಿ ಎಂಬ ಸಲಕರಣೆಯಿದೆ. ಎರಡೂ ಬದಿಗೆ ಯುಟಿಎಫ್-8 ಎಂದು ಹೇಳಿ ಎನ್‌ಎಫ್‌ಸಿ ಆಯ್ಕೆ ಕೊಟ್ಟರೆ ಇಡೀ ಫೋಲ್ಡರಿನ ಹೆಸರುಗಳನ್ನು ಕೂಡಿದ ರೂಪಕ್ಕೆ ತರುತ್ತದೆ. ನೋಟೆಸ್ಟ್ ಎಂಬ ಆಯ್ಕೆ ಕೊಡುವವರೆಗೂ ಏನು ಬದಲಾಗಲಿದೆ ಎಂದು ತೋರಿಸುವುದಷ್ಟೇ ಅದರ ಕೆಲಸ, ನಿಜವಾಗಿ ಮುಟ್ಟುವುದಿಲ್ಲ. ಮೊದಲು ತೋರಿಸಿಕೊಂಡು, ಓದಿ, ಆಮೇಲೆ ಬದಲಿಸಬೇಕು. ಅವಳಿ ಹೆಸರುಗಳಿವೆಯೇ ಎಂದು ತಿಳಿಯಲು ಆರ್ಕೈವ್‌ನ ಪಟ್ಟಿಯನ್ನು ಯುಕನ್ವ್ ಎಂಬ ಕಮಾಂಡಿನಿಂದ ಎನ್‌ಎಫ್‌ಸಿಗೆ ತಿರುಗಿಸಿ, ವಿಂಗಡಿಸಿ, ಎರಡು ಸಲ ಬಂದ ಸಾಲುಗಳನ್ನು ಹುಡುಕಿದರಾಯಿತು. ಬಂದ ಮೂಲ ಆರ್ಕೈವನ್ನು ಮಾತ್ರ ತಿದ್ದಬಾರದು. ಓಲೆಗರಿ ಪ್ರತಿಯ ಪಾಠವನ್ನು ತಿದ್ದಿ ಮೂಲವನ್ನು ಬಿಸಾಡುವ ಸಂಪಾದಕ ಯಾರಿದ್ದಾನೆ? ತಿದ್ದಿದ ಪ್ರತಿ ಬೇರೆ, ಮೂಲ ಬೇರೆ, ಎರಡರ ನಡುವಿನ ಹೆಸರುಗಳ ಪಟ್ಟಿ ಮೂರನೆಯದು.

ಹೊಸದಾಗಿ ಕಟ್ಟುವವರಿಗೆ ಇನ್ನೂ ಕೆಲವು ಮಾತು. ಗ್ನೂ ಸಿಪಿಐಓಗೆ ಏನೂ ಹೇಳದಿದ್ದರೆ ಅದು ಹಳೆಯ ಬೈನರಿ ರೂಪದಲ್ಲಿ ಕಟ್ಟುತ್ತದೆ, ಹಾಗಾಗಿ ನ್ಯೂಸಿ ಎಂದು ಹೇಳಲೇಬೇಕು. ಫೈಂಡ್‌ಗೆ ಡೆಪ್ತ್ ಆಯ್ಕೆ ಕೊಟ್ಟರೆ ಒಳಗಿನ ಫೈಲುಗಳು ಮೊದಲು, ಫೋಲ್ಡರ್ ಆಮೇಲೆ ಬರುತ್ತವೆ. ಬರೆಯಲು ಅನುಮತಿಯಿಲ್ಲದ ಫೋಲ್ಡರನ್ನು ಬಿಚ್ಚುವಾಗ ಇದರಿಂದ ಅಡಚಣೆಯಾಗುವುದಿಲ್ಲ. ಹೆಸರುಗಳ ನಡುವೆ ಹೊಸ ಸಾಲಿನ ಬದಲು ಸೊನ್ನೆ ಬೈಟ್ ಇಡುವ ಪ್ರಿಂಟ್0 ಆಯ್ಕೆಯನ್ನು ಫೈಂಡ್‌ಗೂ ಅದಕ್ಕೆ ತಕ್ಕ -0 ಅನ್ನು ಸಿಪಿಐಓಗೂ ಕೊಡುವುದು ಕ್ಷೇಮ. ಪರಿಚಯವಿಲ್ಲದ ಆರ್ಕೈವನ್ನು ಬಿಚ್ಚುವಾಗ, ಬೇರು (ರೂಟ್) ಫೋಲ್ಡರಿನಿಂದ ಶುರುವಾಗುವ ಹೆಸರುಗಳನ್ನು ತಡೆಯುವ ಆಯ್ಕೆ ಕೊಟ್ಟು ಖಾಲಿ ಫೋಲ್ಡರಿನಲ್ಲಿ ಬಿಚ್ಚಬೇಕು.

'ಸಿಆರ್‌ಸಿ' ಎಂಬ ರೂಪದ ಹೆಸರು ದಾರಿ ತಪ್ಪಿಸುತ್ತದೆ. ಹೆಸರು ಕೇಳಿದರೆ ಗಟ್ಟಿಯಾದ ತಪಾಸಣೆ ಎನಿಸುತ್ತದೆ, ಒಳಗಿರುವುದು ಎಲ್ಲ ಬೈಟುಗಳ ಬರಿಯ ಮೊತ್ತ. ಎರಡು ಬೈಟುಗಳು ಅದಲುಬದಲಾದರೂ ಮೊತ್ತ ಬದಲಾಗುವುದಿಲ್ಲ. ಪ್ರತಿ ಫೈಲಿನ ಎಸ್‌ಎಚ್‌ಎ-256 ಮುದ್ರೆಗಳ ಪಟ್ಟಿಯನ್ನು ಆರ್ಕೈವ್‌ನ ಪಕ್ಕದಲ್ಲೇ ಇಡುವುದು ಇದಕ್ಕಿಂತ ಎಷ್ಟೋ ಮೇಲು. ಗಾತ್ರದ ಮಿತಿಯೂ ಗೊತ್ತಿರಲಿ. ನ್ಯೂಸಿಯ 8 ಅಂಕಿಯ ಕೋಶದಲ್ಲಿ 4 ಗಿಗಾಬೈಟ್ ಮೀರಿದ ಫೈಲ್ ಹಿಡಿಯುವುದಿಲ್ಲ, ಓಡಿಸಿಯಲ್ಲಿ 8 ಗಿಗಾಬೈಟ್. ಭಜನೆ, ಗೀಗೀ ಪದ, ಬಯಲಾಟಗಳ ರಾತ್ರಿಯಿಡೀ ವಿಡಿಯೋಗಳಿಗೆ ಇದು ಸಾಲದು. ಅಂಥವುಗಳಿಗೆ ಪ್ಯಾಕ್ಸ್ ರೂಪದ ಟಾರ್ ಸರಿಯಾದ ಆಯ್ಕೆ. ಅದರ ವಿಸ್ತೃತ ತಲೆಬರಹದಲ್ಲಿ ಹೆಸರು ಯುಟಿಎಫ್-8ರಲ್ಲೇ ಇರಬೇಕೆಂಬ ನಿಯಮವೂ ಇದೆ. ಸಿಪಿಐಓನಲ್ಲಿ ಹೆಸರು ಯಾವ ಸಂಕೇತ ಪದ್ಧತಿಯದೆಂದು ಹೇಳುವ ಒಂದು ಬಿಟ್ ಕೂಡ ಇಲ್ಲ. ಆದರೆ ಕೂಡಿದ್ದೋ ಬಿಡಿಸಿದ್ದೋ ಎಂಬ ಪ್ರಶ್ನೆಯನ್ನು ಪ್ಯಾಕ್ಸ್ ಕೂಡ ಬಗೆಹರಿಸುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಹೆಸರನ್ನು ಇಂಗ್ಲಿಷಿನಲ್ಲೇ ಇಟ್ಟರಾಯಿತಲ್ಲ ಎಂದು ಸ್ನೇಹಿತರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ರೋಮನ್ ಲಿಪಿಯಲ್ಲಿ ಡೋಣಿಗೂ ದೋಣಿಗೂ ಒಂದೇ ಬರಹ. ಮುಂಡರಗಿಯನ್ನು ರಕಾರದ ಮುಂದೆ 'ಎ' ಇಟ್ಟು ಬರೆಯುವವರಿದ್ದಾರೆ, ಬಿಟ್ಟು ಬರೆಯುವವರೂ ಇದ್ದಾರೆ. ಶಿರಹಟ್ಟಿಗೂ ಹಾಗೆಯೇ ಎರಡು ಬರಹ. ಸ್ಥಳನಾಮದ ಅಭ್ಯಾಸಿಗೆ ಡಕಾರ ದಕಾರಗಳ ಭೇದವೇ ಸಾಮಗ್ರಿ. ಅದನ್ನು ಮೊದಲ ಹೆಜ್ಜೆಯಲ್ಲೇ ಅಳಿಸಿ ಕಟ್ಟಿದ ಸಂಗ್ರಹದಿಂದ ಮುಂದಿನವರು ಏನು ಕಲಿತಾರು? ಹೆಸರಿನ ಜತೆ ಅದು ನಿಂತ ದಾರಿಯೂ ಮುಖ್ಯ. ಗದಗ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೆ ಮೊದಲು ಈ ಊರುಗಳೆಲ್ಲ ಧಾರವಾಡ ಜಿಲ್ಲೆಯವು, ಬಾಂಬೆ ಕರ್ನಾಟಕದ ಶಾಸನ ಸಂಪುಟಗಳಲ್ಲಿ ಇವನ್ನು ಹುಡುಕಬೇಕಾದದ್ದು ಧಾರವಾಡದ ಅಡಿಯಲ್ಲಿ. ಲಕ್ಷ್ಮೇಶ್ವರ ಈಗ ಪ್ರತ್ಯೇಕ ತಾಲೂಕು, ಹಿಂದೆ ಶಿರಹಟ್ಟಿ ತಾಲೂಕಿನ ಭಾಗ. ವಿಜಯಪುರ ಜಿಲ್ಲೆಯಲ್ಲಿ ಹರಿದು ಕೃಷ್ಣೆಯನ್ನು ಸೇರುವ ಡೋಣಿ ನದಿಯ ಫೋಲ್ಡರ್ ಇದೇ ಸಂಗ್ರಹಕ್ಕೆ ಬಂದರೆ ಎರಡನ್ನೂ ಬೇರೆಯಾಗಿಡುವುದು ಜಿಲ್ಲೆ, ತಾಲೂಕು ಎಂಬ ಈ ದಾರಿಯೇ. ಸಿಪಿಐಓ ಕೊಟ್ಟ ದಾರಿಯನ್ನು ಒಂದಕ್ಷರ ಬದಲಿಸದೆ ಇಡುತ್ತದೆ, ಅದು ಅದರ ಗುಣ. ಕೊಡುವಾಗ ನಾವು ಸರಿಯಾಗಿ ಕೊಟ್ಟಿರಬೇಕು.

ಆದ್ದರಿಂದ ಕ್ಷೇತ್ರಕಾರ್ಯದ ಚಿತ್ರ, ಧ್ವನಿ, ಟಿಪ್ಪಣಿಗಳನ್ನು ಕನ್ನಡದ ಹೆಸರಿನಲ್ಲಿ ಕಟ್ಟಿಡುವ ಎಲ್ಲರಲ್ಲಿ ನನ್ನದೊಂದು ಕೋರಿಕೆ. ಕಟ್ಟುವ ಮುನ್ನ ಹೆಸರುಗಳನ್ನು ಎನ್‌ಎಫ್‌ಸಿಗೆ ತನ್ನಿ. ಕಟ್ಟಿದ ಮೇಲೆ ಕೀ, ಕೇ, ಕೈ, ಕೊ, ಕೋ ಕಾಗುಣಿತವಿರುವ ಒಂದು ಊರಿನ ಹೆಸರನ್ನು ಕೀಲಿಮಣೆಯಿಂದ ಟೈಪ್ ಮಾಡಿ ಆರ್ಕೈವ್‌ನಿಂದ ಹೊರಕ್ಕೆ ಕರೆದು ನೋಡಿ. ಅದು ಬಂದ ಮೇಲೆ ಡಿಸ್ಕನ್ನು ಇನ್ನೊಬ್ಬರ ಕೈಗೆ ಕೊಡಿ.